ನೋಣಯ್ಯ ನೆಲ ಮುಟ್ಟಿದ್ದು

ಆ ಭಾನುವಾರ ಬೆಳಿಗ್ಗೆ ನೋಣಯ್ಯ ಜಗಲಿಯ ಗೋಡೆಗೆ ಪಕ್ಕ ಕೊಟ್ಟು ನಿಂತ. ಮೊಣಕಾಲು ಮಡಚದೆ ಮೆಲ್ಲ ಬಗ್ಗಿದ. ಬಗ್ಗಿದಲ್ಲಿಂದಲೇ ಹೆಂಡತಿಯನ್ನು ಕರೆದ.

"ಟೇಪು ಹಿಡಿ ಮಾರಾಯ್ತಿ. ಇವತ್ತು ಮುಟ್ಟುವ ಹಾಗೆ ಉಂಟು."

ಲೋಲಾಕ್ಷಿ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಎಲೆ ಕತ್ತರಿಸುತ್ತಿದ್ದಳು. ಸೋಮವಾರ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿ ಇನ್ನೂ ಅರ್ಧ ಆಗಿರಲಿಲ್ಲ. ಹತ್ತು ತಿಂಗಳಿನಿಂದ ಪ್ರತಿ ಭಾನುವಾರವೂ ಇದೇ ಕತೆ. ಅವಳು ಕೆಲಸ ಬಿಟ್ಟು ಏಳಬೇಕು, ಗಂಡನ ನಡುಬೆರಳಿನ ತುದಿಯಿಂದ ನೆಲದವರೆಗೆ ಟೇಪು ಹಿಡಿಯಬೇಕು, ಎಷ್ಟು ಇಂಚು ಎಂದು ಹೇಳಬೇಕು. ಆಮೇಲೆ ಅವನು ಬೆರಳು ಇದ್ದ ಎತ್ತರಕ್ಕೆ ಗೋಡೆಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದ. ಅರವತ್ತಕ್ಕೆ ಒಂದು ವರ್ಷ ಬಾಕಿ ಇರುವ ಗಂಡಸು, ಬನಿಯನು, ಮಂಡಿಯವರೆಗಿನ ಚಡ್ಡಿ. ದಾರಿಯಲ್ಲಿ ಹೋಗುವ ಮಕ್ಕಳು ನಿಂತು ನೋಡಿ ನಗುತ್ತಿದ್ದವು. ಅವಳಿಗೆ ಸಾಕಾಗಿತ್ತು.

ಅವಳು ತಲೆ ಎತ್ತಲಿಲ್ಲ. ಮುಟ್ಟುವುದಾದರೆ ಮುಟ್ಟಿ, ಮುಟ್ಟಿದ ಮೇಲೆ ಅಲ್ಲೇ ಬಿದ್ದಿರುವ ಎಲೆಯ ಚೂರು ಹೆಕ್ಕಿ ಹೊರಗೆ ಹಾಕಿ ಎಂದಳು.

ಅವನು ಬಗ್ಗಿಯೇ ಇದ್ದ. ಉಸಿರು ಬಿಡುವ ಶಬ್ದ ಕೇಳುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಸೀಮೆಸುಣ್ಣ ಗೋಡೆಗೆ ಉಜ್ಜಿದ ಶಬ್ದವೂ ಕೇಳಿತು. ಮತ್ತೆ ಮೆಲ್ಲ ಎದ್ದು ನಿಂತ.

"ಮುಟ್ಟಿತು."

"ಯಾರು ನೋಡಿದ್ದು?"

"ಗೀಟು ಹಾಕಿದ್ದೇನೆ."

"ಗೋಡೆಗೆ ಯಾರು ಬೇಕಾದ್ರೂ ಗೀಟು ಹಾಕ್ಬಹುದು."

ನೋಣಯ್ಯ ನೆಲಕ್ಕೆ ಹಾಸಿದ್ದ ಹಳೆಯ ಫ್ಲೆಕ್ಸನ್ನು ಮಡಚಿ ಮೂಲೆಗೆ ಇಟ್ಟ. ಎಲೆಯ ಚೂರು ಹೆಕ್ಕಿ ಹೊರಗೆ ಹಾಕಿದ. ಸ್ನಾನ ಮಾಡಿದ, ಗಂಜಿ ಉಂಡ, ಪೇಟೆಗೆ ಹೋಗಿ ಬಂಗುಡೆ ತಂದ. ಮಧ್ಯಾಹ್ನ ಮಲಗಿದ. ಸಂಜೆ ಕತ್ತರಿ ಮಸೆದ. ಇಷ್ಟೇ ಆ ದಿನ. ಮರುದಿನ ಹನ್ನೊಂದು ಗಂಟೆಗೆ ಅವನು ಇರಲಿಲ್ಲ.

ನೋಣಯ್ಯ ದೊಡ್ಡ ಮನುಷ್ಯನೇನೂ ಅಲ್ಲ. ಮೂಡಬಿದ್ರಿಯ ಹತ್ತಿರದ ಒಂದು ಕುಟುಂಬದ ಮನೆಯಲ್ಲಿ ಹುಟ್ಟಿದ ಹಿರಿ ಮಗ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ. ಬಂಟ್ವಾಳ ಪೇಟೆಯ ಒಬ್ಬ ಟೈಲರನ ಹತ್ತಿರ ಗುಂಡಿ ಹೊಲಿಯಲು ಕೂತ. ಆಮೇಲೆ ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುವ ಕಡೆ ಒಂದು ಕೋಣೆ ಹಿಡಿದು ಸ್ವಂತ ಮೆಷಿನು ಇಟ್ಟ. ಮೂವತ್ತೆಂಟು ವರ್ಷ ಅದೇ ಕೋಣೆ, ಅದೇ ಸ್ಟೂಲು. ಕೊನೆಕೊನೆಗೆ ರೆಡಿಮೇಡಿನ ಕಾಲದಲ್ಲಿ ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಮಕ್ಕಳ ಯೂನಿಫಾರ್ಮಿನ ಅಂಚು ಬಿಡಿಸುವುದು, ಇಂಥದ್ದೇ ಕೆಲಸ.

ಅವನಿಗೆ ಒಂದು ಹುಚ್ಚು ಇತ್ತು, ಅಳತೆಯದ್ದು. ಟೇಪು ಎಷ್ಟು ತೋರಿಸುತ್ತದೋ ಅಷ್ಟೇ ಬರೆಯುವುದು. ಒಮ್ಮೆ ಶಶಿಪ್ರಭಾ ಟೀಚರು ರವಿಕೆ ಹೊಲಿಸಲು ಬಂದರು. ಮೂವತ್ತಾರು ಬರೆದುಕೊಳ್ಳಿ ಎಂದರು. ಇವನು ಟೇಪು ಹಿಡಿದು ನಲವತ್ತು ಎಂದ. ಟೀಚರು ನಕ್ಕು, ಅಷ್ಟೆಲ್ಲ ಇಲ್ಲ ನೋಣಯ್ಯಣ್ಣ, ಮೂವತ್ತಾರೇ ಎಂದರು. ಬಾಯಲ್ಲಿ ಹೌದು ಎಂದು ಹೇಳಿ ನಲವತ್ತಕ್ಕೆ ಹೊಲಿದು ಕೊಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಬೇರೆ ಟೈಲರುಗಳೆಲ್ಲ ಹಾಗೆಯೇ ಮಾಡುವುದು. ಇವನು ಪುಸ್ತಕದಲ್ಲಿ ನಲವತ್ತು ಎಂದು ಬರೆದು, ಬರೆದದ್ದನ್ನು ತಿರುಗಿಸಿ ಅವರಿಗೆ ತೋರಿಸಿದ. ಟೀಚರು ಬಟ್ಟೆ ಹಿಂದಕ್ಕೆ ತೆಗೆದುಕೊಂಡು ಹೋದರು. ಅವರ ಜೊತೆಯಲ್ಲೇ ಶಾಲೆಯ ಯೂನಿಫಾರ್ಮಿನ ಗುತ್ತಿಗೆಯೂ ಹೋಯಿತು.

ಲೋಲಾಕ್ಷಿ ಅದಕ್ಕೆ ಮೂರು ದಿನ ಬೈದಳು. ನಾಲಗೆಯಲ್ಲಿ ಬೆಲ್ಲ ಇಲ್ಲದ ಗಂಡಸು ಟೈಲರ್ ಆಗಬಾರದು ಎಂದಳು. ಅವನು ಒಂದೇ ಮಾತು ಹೇಳಿದ. "ಸುಳ್ಳು ಬರೆದ್ರೆ ಆಮೇಲೆ ಯಾವ ಅಳತೆಯನ್ನೂ ನಂಬ್ಲಿಕ್ಕೆ ಆಗುವುದಿಲ್ಲ."

ಸ್ಟೂಲಿನ ಮೇಲೆ ಮೂವತ್ತೆಂಟು ವರ್ಷ ಬಾಗಿ ಕೂತ ಬೆನ್ನು ಕೊನೆಗೆ ಇಸ್ತ್ರಿ ಹಾಕುವ ಹಲಗೆಯ ಹಾಗೆ ಆಗಿತ್ತು. ಅತ್ತ ನೆಟ್ಟಗೂ ಆಗದು, ಇತ್ತ ಬಗ್ಗಲೂ ಆಗದು. ಚಪ್ಪಲಿಯ ಪಟ್ಟಿ ಹಾಕಲು ಕುರ್ಚಿ ಬೇಕು. ಸೂಜಿ ಕೆಳಗೆ ಬಿದ್ದರೆ ಹೆಕ್ಕಲು ಹಳೆಯ ರೇಡಿಯೋದ ಅಯಸ್ಕಾಂತವನ್ನು ಒಂದು ಕೋಲಿಗೆ ಕಟ್ಟಿ ಇಟ್ಟುಕೊಂಡಿದ್ದ. ಅದನ್ನು ನೆಲದ ಮೇಲೆ ಆಡಿಸಿ ಸೂಜಿ ಹಿಡಿಯುತ್ತಿದ್ದ. ಎದುರಿನ ಚಾದಂಗಡಿಯ ಲೋಕಯ್ಯ ಅದನ್ನು ಕಂಡು, ನೋಣಯ್ಯಣ್ಣ ಗಾಳ ಹಾಕಿ ಕೂತಿದ್ದಾರೆ, ಇವತ್ತು ಮೀನು ಸಿಕ್ಕಿತಾ ಎಂದು ದಿನಾ ಕೇಳುತ್ತಿದ್ದ. ದಿನಾ ಒಂದೇ ಜೋಕು. ಕೇಳಿ ಕೇಳಿ ನಗುವವರೂ ಇದ್ದರು.

ಇಷ್ಟಕ್ಕೇ ಆಗಿದ್ದರೆ ನೋಣಯ್ಯ ಮೈ ಬಗ್ಗಿಸಲು ಹೋಗುತ್ತಿರಲಿಲ್ಲ. ಹೋದದ್ದು ತಂಬಿಲದಿಂದಾಗಿ.

ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ, ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ದೈವಗಳಿಗೆ ತಂಬಿಲದ ಸೇವೆ. ಕುಟುಂಬದ ಹಿರಿಯ ಗಂಡಸು ದೈವದ ಕೋಣೆಯಲ್ಲಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಸಾಲಾಗಿ ಹಾಕಿದ ಬಾಳೆಲೆಗಳಿಗೆ ಅನ್ನ, ಕೋಳಿ ಪದಾರ್ಥ ಬಡಿಸಬೇಕು. ಅದಕ್ಕೆ ಅಗೆಲು ಎನ್ನುತ್ತಾರೆ. ಬಡಿಸಿ ಮುಗಿಯುವವರೆಗೆ ಏಳುವ ಹಾಗಿಲ್ಲ. ಮುಗಿದ ಮೇಲೆ ಎದ್ದು, ಅಡ್ಡಬಿದ್ದು, ಮತ್ತೆ ಎದ್ದು ಬರಬೇಕು. ತಂದೆ ತೀರಿದ ಮೇಲೆ ಇಪ್ಪತ್ತೆರಡು ವರ್ಷ ನೋಣಯ್ಯ ಅದನ್ನು ಮಾಡಿದ್ದ. ಊರಿನಲ್ಲಿ ಅವನಿಗೆ ಇದ್ದ ಮರ್ಯಾದೆ ಅದೊಂದೇ. ವರ್ಷದಲ್ಲಿ ಒಂದು ದಿನ ಎಲ್ಲರೂ ಅವನು ಏಳುವುದನ್ನು ಕಾದು ನಿಲ್ಲುತ್ತಿದ್ದರು.

ಆ ವರ್ಷ ಅವನು ಕೂತವನು ಏಳಲಿಲ್ಲ. ಕಾಲು ಹಿಡಿದುಕೊಂಡಿತು. ಒಂದು ಸಲ ಪ್ರಯತ್ನ ಮಾಡಿದ, ಎರಡು ಸಲ ಮಾಡಿದ. ಮೂರನೆಯ ಸಲ ಕೈ ಚಾಚಿ ಸಿಕ್ಕಿದ್ದನ್ನು ಹಿಡಿದು ಎಳೆದ. ಸಿಕ್ಕಿದ್ದು ದೈವದ ಮಂಚ. ಸರಪಳಿಯಲ್ಲಿ ತೂಗುವ ಮಂಚ ಅದು, ದೈವದ ಗಂಟೆ, ಕತ್ತಿ ಇಡುವ ಜಾಗ. ಮನುಷ್ಯರು ಅದಕ್ಕೆ ಕೈ ಊರುವ ಕ್ರಮವೇ ಇಲ್ಲ. ಮಂಚ ಓಲಾಡಿ ಗಂಟೆ ಉರುಳಿ ಅಗೆಲಿನ ಎಲೆಯ ಮೇಲೆ ಬಿತ್ತು. ಬಾಗಿಲಲ್ಲಿ ನಿಂತವರೆಲ್ಲ ಉಸಿರು ಹಿಡಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಇಬ್ಬರು ಬಂದು ನೋಣಯ್ಯನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು.

ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದರು. ದೋಷ ಉಂಟು ಎಂದು ಬಂತು. ತಪ್ಪುಕಾಣಿಕೆ ಹಾಕಿಸಿದರು. ಇಷ್ಟನ್ನೂ ಮುಂದೆ ನಿಂತು ಮಾಡಿಸಿದವನು ನೋಣಯ್ಯನ ತಮ್ಮ ವೆಂಕಪ್ಪ.

ವೆಂಕಪ್ಪನದ್ದು ಬಂಟ್ವಾಳದಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ವ್ಯಾಪಾರ. ಮದುವೆ, ಸಭೆ, ಸಾವು, ಯಾವುದಿದ್ದರೂ ಅವನ ಕುರ್ಚಿ ಮೊದಲು ಹೋಗುತ್ತದೆ, ಹಿಂದಿನಿಂದ ಅವನು ಹೋಗುತ್ತಾನೆ. ಹೊಟ್ಟೆ ಮುಂದೆ, ಮಾತು ಅದಕ್ಕಿಂತಲೂ ಮುಂದೆ. ಊರಿನ ಯಾವ ಪಂದ್ಯಾಟದ ಫ್ಲೆಕ್ಸ್ ನೋಡಿದರೂ ಮೂಲೆಯಲ್ಲಿ ಕೈ ಮುಗಿದ ಅವನ ಮುಖ ಇರುತ್ತದೆ. ಲೋಲಾಕ್ಷಿಗೆ ಮೈದುನನನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಪ್ರಶ್ನೆ ಮುಗಿದ ದಿನ ವೆಂಕಪ್ಪ ಎಲ್ಲರ ಎದುರು ಹೇಳಿದ. "ಅಣ್ಣ, ಮುಂದಿನ ವರ್ಷ ಕೂತು ಏಳ್ಲಿಕ್ಕೆ ಆಗುವುದಾದ್ರೆ ನೀನೇ ಕೂತ್ಕೊ. ಆಗದಿದ್ರೆ ನಾನಿದ್ದೇನೆ. ದೈವದ ಎದುರು ಸರ್ಕಸ್ ಬೇಡ."

ನೋಣಯ್ಯ ನೆಲ ನೋಡುತ್ತಿದ್ದ. ಲೋಲಾಕ್ಷಿಗೆ ತಡೆಯಲಾಗಲಿಲ್ಲ. ಒಂದು ಸಣ್ಣ ಸ್ಟೂಲು ಇಟ್ಟು ಅದರ ಮೇಲೆ ಕೂತು ಬಡಿಸಿದರೆ ಆಗದೋ ಎಂದು ಕೇಳಿದಳು. ವೆಂಕಪ್ಪ ಅವಳ ಕಡೆಗೆ ತಿರುಗಿ ಹಲ್ಲು ತೋರಿಸಿದ.

"ಅತ್ತಿಗೆ, ಇದು ದೈವದ ಕೋಣೆ. ಮದುವೆ ಹಾಲ್ ಅಲ್ಲ."

ಸುತ್ತ ನಿಂತವರು ನಕ್ಕರು. ಕುರ್ಚಿಯವನೇ ಹೇಳಿದ ಮೇಲೆ ನಗದೆ ಇರುತ್ತಾರೆಯೇ.

ಮಗಳು ಚಿತ್ರಾಳನ್ನು ವಿಟ್ಲಕ್ಕೆ ಕೊಟ್ಟಿದೆ. ಅವಳು ಬಂದು ಅಪ್ಪನನ್ನು ಮೂಡಬಿದ್ರಿಯ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಶಬ್ನಾ ಎಂಬ ಹುಡುಗಿ ಇದ್ದಳು. ಮದ್ದು ಕೊಡುತ್ತಾಳೆ, ಇಂಜೆಕ್ಷನ್ ಕೊಡುತ್ತಾಳೆ ಎಂದುಕೊಂಡು ಹೋದ ನೋಣಯ್ಯನನ್ನು ಅವಳು ನೆಲದ ಮೇಲೆ ಮಲಗಿಸಿ ಕಾಲು ಎತ್ತಿ ನೋಡಿದಳು. ಎಲುಬಿಗೆ ಏನೂ ಆಗಿಲ್ಲ, ತೊಡೆಯ ಹಿಂದಿನ ಸ್ನಾಯು, ಸೊಂಟ, ಮೀನಖಂಡ ಎಲ್ಲ ಗಿಡ್ಡ ಆಗಿ ಕೂತಿವೆ ಎಂದಳು. ದಿನಾ ಎಳೆದು ಎಳೆದು ಉದ್ದ ಮಾಡಬೇಕು.

"ಅಂಕಲ್, ಎಳೆದ ಹಾಗೆ ಆಗ್ಬೇಕು, ಹರಿದ ಹಾಗೆ ಆಗ್ಬಾರದು. ಅರ್ಧ ನಿಮಿಷ ಹಿಡಿದು ನಿಲ್ಲಿ, ಉಸಿರು ಕಟ್ಬೇಡಿ. ದಿನಾ ಸ್ವಲ್ಪ ಸಾಕು. ಒಂದೇ ದಿನ ತುಂಬ ಮಾಡ್ಲಿಕ್ಕೆ ಹೋಗ್ಬೇಡಿ."

ಬಸ್ಸಿನಲ್ಲಿ ಬರುವಾಗ ನೋಣಯ್ಯನ ಬಾಯಿ ನಿಲ್ಲಲಿಲ್ಲ ಎಂದು ಚಿತ್ರಾ ಆಮೇಲೆ ಹೇಳಿದಳು. ಬಟ್ಟೆಯೂ ಹಾಗೆಯೇ ಅಂತೆ. ನೇರ ನೂಲಿನಲ್ಲಿ ಜಗ್ಗಿದರೆ ಬಾರದು, ಓರೆಯಲ್ಲಿ ಮೆಲ್ಲ ಎಳೆದರೆ ಬರುತ್ತದೆ ಅಂತೆ. ಒಣಗಿದ ಬಟ್ಟೆಗೆ ಇಸ್ತ್ರಿ ಕೂರದು, ನೀರು ಚಿಮುಕಿಸಬೇಕು, ಹಾಗೆಯೇ ಮೈಯನ್ನು ಮೊದಲು ಬಿಸಿ ಮಾಡಿಕೊಳ್ಳಬೇಕು ಅಂತೆ. ಆ ಹುಡುಗಿಗೆ ಹೊಲಿಗೆ ಗೊತ್ತಿಲ್ಲದಿದ್ದರೂ ಕೆಲಸ ಗೊತ್ತುಂಟು ಎಂದು ಸರ್ಟಿಫಿಕೇಟು ಕೊಟ್ಟನಂತೆ.

ಮರುದಿನದಿಂದ ಸುರುವಾಯಿತು. ಬೆಳಿಗ್ಗೆ ಅಂಗಳದಲ್ಲಿ ಹತ್ತು ಸುತ್ತು ನಡೆಯುವುದು. ಆಮೇಲೆ ಜಗಲಿಯಲ್ಲಿ ಫ್ಲೆಕ್ಸ್ ಹಾಸುವುದು. ಅದು ಯಾವುದೋ ವಾಲಿಬಾಲ್ ಪಂದ್ಯಾಟದ ಹಳೆಯ ಫ್ಲೆಕ್ಸು, ಒಂದು ಮೂಲೆಯಲ್ಲಿ ವೆಂಕಪ್ಪನ ಮುಖ. ನೋಣಯ್ಯ ಅದರ ಮೇಲೆ ಮಲಗಿ, ಮೈ ಒರೆಸುವ ಬೈರಾಸನ್ನು ಅಂಗಾಲಿಗೆ ಹಾಕಿ, ಎರಡು ಕೈಯಲ್ಲಿ ಅದರ ತುದಿ ಹಿಡಿದು ಕಾಲನ್ನು ಮೇಲಕ್ಕೆ ಎಳೆಯುತ್ತಿದ್ದ. ಒಂದು ಕಾಲು ಮೇಲೆ, ಇನ್ನೊಂದರ ಹಿಮ್ಮಡಿ ತಮ್ಮನ ಮೂಗಿನ ಮೇಲೆ. ಕೂತು ಅಂಗಾಲಿಗೆ ಅಂಗಾಲು ತಾಗಿಸಿ ಮಂಡಿ ಕೆಳಗೆ ತಳ್ಳುತ್ತಿದ್ದ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯುತ್ತಿದ್ದ. ಕೊನೆಗೆ ನಿಂತು ಬಗ್ಗುತ್ತಿದ್ದ. ಗಟ್ಟಿಯಾಗಿ ಮೂವತ್ತು ಎಣಿಸುತ್ತಿದ್ದ.

ಲೋಲಾಕ್ಷಿಗೆ ಅದನ್ನು ನೋಡಲು ನಾಚಿಕೆ ಆಗುತ್ತಿತ್ತು. ಬೀಡಿ ಕಟ್ಟಿ ಕಟ್ಟಿ ಅವಳದ್ದೂ ಸೊಂಟ ಹೋಗಿತ್ತು, ಕತ್ತು ಹೋಗಿತ್ತು. ಅವಳೇನೂ ನೆಲದಲ್ಲಿ ಬಿದ್ದು ಕಾಲು ಎತ್ತಲಿಲ್ಲ. ದುಡಿಯುವವರಿಗೆ ನೋವು ಇರುತ್ತದೆ, ಅದಕ್ಕೊಂದು ಆಟ ಬೇಕೇ. ಮೊದಲ ಭಾನುವಾರ ಟೇಪು ಹಿಡಿದಾಗ ಬೆರಳಿನಿಂದ ನೆಲಕ್ಕೆ ಹದಿನೇಳು ಇಂಚು. ಮಂಡಿಯಿಂದ ಸ್ವಲ್ಪ ಕೆಳಗೆ ಅಷ್ಟೆ. ಅವಳು ಹದಿನೇಳು ಎಂದು ಹೇಳಿ ಟೇಪು ಬಿಸಾಡಿದಳು.

ಮಳೆ ಸುರುವಾಗುವಾಗ ಹದಿನಾಲ್ಕು. ಕೃಷ್ಣಾಷ್ಟಮಿಗೆ ಹನ್ನೊಂದು. ನಡುವೆ ಜ್ವರ ಬಂದು ಎರಡು ವಾರ ಮಲಗಿದ, ಎದ್ದು ನೋಡಿದರೆ ಮತ್ತೆ ಹದಿಮೂರು. ಅವಳು ಅವತ್ತು ಬಾಯಿ ಮುಚ್ಚಿ ಕೂರಲಿಲ್ಲ. ಎರಡು ತಿಂಗಳು ಕುಣಿದದ್ದು ಎರಡು ವಾರದಲ್ಲಿ ನೀರಿಗೆ ಹೋಯಿತಲ್ಲ, ಇನ್ನಾದರೂ ಬಿಡಿ ಎಂದಳು. ಅವನು ಬಿಡಲಿಲ್ಲ. ದಿನಾ ಮಾಡಿದರೆ ಉಂಟು, ಬಿಟ್ಟರೆ ಇಲ್ಲ, ಇಷ್ಟೇ ಇದರ ಲೆಕ್ಕ ಎಂದು ಹೇಳಿ ಮತ್ತೆ ಬೈರಾಸು ತೆಗೆದುಕೊಂಡ. ದೀಪಾವಳಿಗೆ ಎಂಟು. ಗೋಡೆಯಲ್ಲಿ ಗೀಟುಗಳು ಒಂದರ ಕೆಳಗೆ ಒಂದು ಇಳಿಯುತ್ತಾ ಬಂದವು.

ಪೇಟೆಯಲ್ಲಿಯೂ ಸುದ್ದಿಯಾಯಿತು. ಲೋಕಯ್ಯ ಹೊಸ ಜೋಕು ಕಲಿತ. ನೋಣಯ್ಯಣ್ಣ ಭರತನಾಟ್ಯಕ್ಕೆ ಹೆಸರು ಕೊಟ್ಟಿದ್ದಾರೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಆದರೆ ಒಂದು ದಿನ ಅಂಗಡಿಯಲ್ಲಿ ಸೂಜಿ ಬಿತ್ತು. ನೋಣಯ್ಯ ಸ್ಟೂಲಿನಿಂದ ಎದ್ದು, ಬಗ್ಗಿ, ಎರಡು ಬೆರಳಿನಲ್ಲಿ ಹೆಕ್ಕಿ ಮತ್ತೆ ಕೂತ. ಲೋಕಯ್ಯ ಚಾದ ಗ್ಲಾಸು ಹಿಡಿದುಕೊಂಡು ನೋಡಿದ. ಅವತ್ತು ಜೋಕು ಬರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ನೋಣಯ್ಯ ಒಳಗಿನಿಂದ ಮಣೆ ತಂದು ಅವಳ ಎದುರು ಹಾಕಿದ. ಚಕ್ಕಳಮಕ್ಕಳ ಹಾಕಿ ಕೂತ. ಗಡಿಯಾರ ನೋಡಿ ಮುಕ್ಕಾಲು ಗಂಟೆ ಕೂತಿದ್ದ, ಎಲೆಗೆ ಬಡಿಸುವ ಹಾಗೆ ಎಡಕ್ಕೆ ಬಲಕ್ಕೆ ಬಗ್ಗಿದ. ಆಮೇಲೆ ಒಂದು ಕೈಯನ್ನು ತನ್ನ ಮಂಡಿಗೆ ಊರಿ ಎದ್ದು ನಿಂತ. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಹೇಗೆ ಎನ್ನುವ ಹಾಗೆ ಹೆಂಡತಿಯ ಮುಖ ನೋಡಿದ.

"ಕೋಳಿ ಕೂಡ ಕೂತು ಏಳ್ತದೆ" ಎಂದಳು ಲೋಲಾಕ್ಷಿ.

ಅವನು ನಕ್ಕ. ಅವಳು ನಗಲಿಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದು ಬೇರೆ. ಯಾರಿಗಾಗಿ ಇದೆಲ್ಲ. ಕಿಸಕ್ಕೆಂದ ಜನಕ್ಕಾಗಿ. ಹಲ್ಲು ತೋರಿಸಿದ ತಮ್ಮನಿಗಾಗಿ. ವರ್ಷದಲ್ಲಿ ಒಂದು ದಿನ ಇಪ್ಪತ್ತು ಎಲೆಗೆ ಅನ್ನ ಬಡಿಸಲು ಮುನ್ನೂರು ದಿನ ಬೆನ್ನು ಎಳೆಯುವ ಮನುಷ್ಯನನ್ನು ಅವಳು ಏನೆಂದು ಹೇಳಬೇಕು. ಅವನು ಮಾತ್ರ ಒಂದು ಹರಕೆ ಹೇಳಿಕೊಂಡವನ ಹಾಗೆ ಇದ್ದ. ಮಣೆಯಿಂದ ಏಳುವುದು ಆಯಿತು, ಇನ್ನು ಬೆರಳು ನೆಲ ಮುಟ್ಟಬೇಕು, ತಂಬಿಲದ ಮೊದಲು ಮುಟ್ಟಿಯೇ ಸಿದ್ಧ ಎನ್ನುತ್ತಿದ್ದ. ಮಾರ್ಚಿಗೆ ಒಂದೂವರೆ ಇಂಚು ಇತ್ತು. ಆಮೇಲೆ ಒಂದು. ಆಮೇಲೆ ಆ ಭಾನುವಾರ.

ಸೋಮವಾರ ಅವಳು ಬ್ರಾಂಚಿನಲ್ಲಿ ಬೀಡಿ ಕೊಡಲು ಸಾಲಿನಲ್ಲಿ ನಿಂತಿದ್ದಳು. ಲೋಕಯ್ಯ ರಿಕ್ಷಾದಲ್ಲಿ ಬಂದ. ಇಳಿದು ಹತ್ತಿರ ಬರುವಾಗಲೇ ಅವಳಿಗೆ ಗೊತ್ತಾಯಿತು, ಯಾಕೆಂದರೆ ಅವನು ಜೋಕು ಹೇಳಲಿಲ್ಲ. ಚಾ ಕೊಡಲು ಹೋದಾಗ ನೋಣಯ್ಯ ಮೆಷಿನಿನ ಮೇಲೆ ತಲೆ ಇಟ್ಟಿದ್ದನಂತೆ. ನಿದ್ದೆ ಎಂದುಕೊಂಡನಂತೆ. ಆಸ್ಪತ್ರೆಗೆ ಮುಟ್ಟುವಾಗ ಇರಲಿಲ್ಲ. ಹೃದಯದ ನಾಳ ಕಟ್ಟಿಕೊಂಡಿದೆ, ಇವತ್ತು ನಿನ್ನೆ ಆದದ್ದಲ್ಲ, ವರ್ಷಗಳಿಂದ ಇದ್ದದ್ದು ಎಂದು ಡಾಕ್ಟರು ಹೇಳಿದರು. ಮೆಷಿನಿನ ಸೂಜಿಯ ಕೆಳಗೆ ಯಾವುದೋ ಹುಡುಗನ ಪ್ಯಾಂಟಿನ ಒಂದು ಕಾಲು ಹೊಲಿದು ಮುಗಿದಿತ್ತು. ಇನ್ನೊಂದು ಹಾಗೆಯೇ ಇತ್ತು.

ಸಾವಿನ ಮನೆಗೆ ಬಂದವರ ಬಾಯಿ ಕೇಳಬೇಕು. ಆ ಪ್ರಾಯದಲ್ಲಿ ಮೈ ಎಳೆದರೆ ನರ ತುಂಡಾಗದೆ ಇರುತ್ತದೆಯೇ ಎಂದ ಒಬ್ಬ. ಮೊಬೈಲ್ ನೋಡಿ ಮಾಡಿದ್ದಂತೆ ಎಂದ ಇನ್ನೊಬ್ಬ. ದೈವದ ಮಂಚ ಹಿಡಿದು ಎಳೆದದ್ದಕ್ಕೆ ವರ್ಷ ತುಂಬುವ ಮೊದಲೇ ತೋರಿಸಿತು ನೋಡಿ ಎಂದು ಹೆಂಗಸರು ಪಿಸುಗುಟ್ಟಿದರು. ಹತ್ತು ತಿಂಗಳು ನಗುತ್ತಾ ಬಂದವರೇ ಇವರು. ಈಗ ವೆಂಕಪ್ಪನ ಕುರ್ಚಿಯಲ್ಲಿ ಕೂತು, ವೆಂಕಪ್ಪನ ಶಾಮಿಯಾನದ ಕೆಳಗೆ, ಚಾ ಕುಡಿಯುತ್ತಾ ಡಾಕ್ಟರಾಗಿದ್ದರು.

ಬೊಜ್ಜದ ಮುಂಚಿನ ದಿನ, ಅಂದರೆ ಉತ್ತರಕ್ರಿಯೆಯ ಮೊದಲು, ಮನೆ ಶುದ್ಧ ಮಾಡಲು ನೆಂಟರ ಹೆಂಗಸರು ಕೊಡಪಾನ ಹಿಡಿದು ಹೊರಟರು. ಗೋಡೆ ತೊಳೆಯಬೇಕು, ಇದೆಂಥ ಗೀಚಿದ್ದು ಎಂದರು. ಲೋಲಾಕ್ಷಿ ಗೆರಸೆ ತಂದು ಆ ಮೂಲೆಗೆ ಒರಗಿ ಕೂತಳು. ಎಲೆ ಕತ್ತರಿಸತೊಡಗಿದಳು. ಗಂಡ ಸತ್ತು ಹದಿನೈದು ದಿನ ಆಗಲಿಲ್ಲ, ಬೀಡಿಗೆ ಕೂತಳು ಎಂದು ಅವರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ. ಉಳಿದ ಗೋಡೆಯನ್ನು ತೊಳೆದು ಹೋದರು. ಯಾಕೆ ಹಾಗೆ ಕೂತೆ ಎಂದು ಅವಳಿಗೂ ಗೊತ್ತಿರಲಿಲ್ಲ. ಕೆಳಗಿನ ಆ ಕೊನೆಯ ಗೀಟನ್ನು ಅವಳು ಇನ್ನೂ ನಂಬಿರಲಿಲ್ಲ.

ಸೂತಕದಿಂದಾಗಿ ತಂಬಿಲ ಮುಂದೆ ಹೋಯಿತು. ಪತ್ತನಾಜೆ ಬಂದರೆ ಆಮೇಲೆ ಮಳೆಗಾಲ ಕಳೆಯುವವರೆಗೆ ದೈವದ ಕೆಲಸ ಇಲ್ಲ, ಅದರ ಒಳಗೆ ಮಾಡಬೇಕು ಎಂದು ಮೇ ತಿಂಗಳ ನಡುವೆ ದಿನ ಇಟ್ಟರು. ಲೋಲಾಕ್ಷಿಯನ್ನು ಬರಬೇಡಿ ಎಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಅವಳು ಬಸ್ಸು ಹತ್ತಿ ಹೋದಳು. ಬಾಗಿಲ ಹೊರಗೆ, ಹೆಂಗಸರ ಹಿಂದೆ ನಿಂತಳು.

ದೈವದ ಕೋಣೆಯಲ್ಲಿ ಮಣೆ ಇರಲಿಲ್ಲ.

ಮಣೆಯ ಜಾಗದಲ್ಲಿ ಒಂದು ಸ್ಟೂಲು. ಅದರ ಮೇಲೆ ಬಿಳಿ ಬಟ್ಟೆ. ಎದುರು ಉದ್ದದ ಬೆಂಚು, ಅದಕ್ಕೂ ಬಿಳಿ ಬಟ್ಟೆ, ಅದರ ಮೇಲೆ ಸಾಲಾಗಿ ಬಾಳೆಲೆ. ವೆಂಕಪ್ಪ ಸ್ಟೂಲಿನ ಮೇಲೆ ತೊಡೆ ಅಗಲಿಸಿ ಕೂತು, ಎಲೆಯಿಂದ ಎಲೆಗೆ ಅನ್ನ ಬಡಿಸುತ್ತಿದ್ದ. ಬಾಡಿಗೆಯ ನಂಬ್ರ ಸ್ಟೂಲಿನ ಕಾಲಿನಲ್ಲಿ ಹಾಗೆಯೇ ಇತ್ತು. ಬಾಗಿಲಲ್ಲಿ ನಿಂತ ಗಂಡಸರು ಗಂಭೀರವಾಗಿ ಕೈ ಕಟ್ಟಿ ನಿಂತಿದ್ದರು. ಯಾರೂ ಕಿಸಕ್ಕೆನ್ನಲಿಲ್ಲ. ಕಾಲ ಬದಲಾಗಿದೆ, ದೈವಕ್ಕೆ ಮನಸ್ಸು ಮುಖ್ಯ ಎಂದು ಒಬ್ಬ ಹಿರಿಯ ಪಕ್ಕದವನಿಗೆ ಹೇಳುತ್ತಿದ್ದ. ಹೋದ ವರ್ಷ ಪ್ರಶ್ನೆ ಇಡಿಸಬೇಕು ಎಂದು ಮೊದಲು ಬಾಯಿ ತೆಗೆದವನು ಅವನೇ.

ಬಡಿಸಿ ಮುಗಿಯಿತು. ವೆಂಕಪ್ಪ ಎದ್ದ. ಅಡ್ಡಬೀಳಲಿಲ್ಲ, ನಿಂತಲ್ಲೇ ತಲೆ ಬಗ್ಗಿಸಿ ಕೈ ಮುಗಿದ. ಬೆವರು ಒರೆಸುತ್ತಾ ಹೊರಗೆ ಬಂದ. ಲೋಲಾಕ್ಷಿ ಹೆಂಗಸರನ್ನು ಸರಿಸಿ ಅವನ ಎದುರು ನಿಂತಳು.

"ವೆಂಕಪ್ಪ, ಇದು ಮದುವೆ ಹಾಲಾ?"

ಅವನಿಗೆ ಮೊದಲು ನೆನಪಾಗಲಿಲ್ಲ. ಆಮೇಲೆ ಆಯಿತು. ಅದು ಮುಖದಲ್ಲಿ ಕಂಡಿತು.

"ನನ್ನ ಮಂಡಿಯದ್ದು ಆಪರೇಷನ್ ಹೇಳಿದ್ದಾರೆ ಅತ್ತಿಗೆ. ಕೆಳಗೆ ಕೂತ್ರೆ ಏಳ್ಲಿಕ್ಕೆ ಆಗುವುದಿಲ್ಲ."

"ಅವರಿಗೆ ಆಗ್ತಿತ್ತು."

ಇಷ್ಟೇ ಹೇಳಿದಳು. ಸ್ವರ ಏರಿಸಲಿಲ್ಲ. ಊಟಕ್ಕೆ ನಿಲ್ಲಲಿಲ್ಲ. ಹಿಂದಿನಿಂದ ಯಾರೋ ಕರೆದರು, ಕರೆದವರಿಗೂ ಅವಳು ನಿಲ್ಲುವುದು ಬೇಕಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಬಯ್ಯುತ್ತಾ ಬಂದಳು. ವೆಂಕಪ್ಪನನ್ನು, ಕೈ ಕಟ್ಟಿ ನಿಂತವರನ್ನು, ಲೋಕಯ್ಯನನ್ನು, ಎಲ್ಲರನ್ನೂ. ಬಯ್ಯಲು ಜನ ಮುಗಿದಾಗ ಗುರುವಾಯನಕೆರೆ ಇನ್ನೂ ಬಂದಿರಲಿಲ್ಲ. ಅವರಿಗೆ ಆಗ್ತಿತ್ತು ಎಂದು ತಾನು ಹೇಳಿದ್ದು ನೆನಪಾಯಿತು. ಯಾರು ನೋಡಿದ್ದು ಎಂದು ವೆಂಕಪ್ಪ ಕೇಳಿದ್ದರೆ ಏನು ಹೇಳುತ್ತಿದ್ದಳು. ಮಣೆಯಿಂದ ಎದ್ದದ್ದನ್ನು ನೋಡಿದ್ದಳು, ಅದಕ್ಕೆ ಕೋಳಿ ಎಂದಿದ್ದಳು. ನೆಲ ಮುಟ್ಟಿದ್ದನ್ನು ನೋಡಲಿಲ್ಲ. ಆರು ಅಡಿ ದೂರದಲ್ಲಿ ಕೂತಿದ್ದಳು. ತಲೆ ಎತ್ತಿದ್ದರೆ ಸಾಕಿತ್ತು. ಎಲೆ ಕತ್ತರಿಸುವುದು ಎಲ್ಲಿಗೂ ಓಡಿ ಹೋಗುತ್ತಿರಲಿಲ್ಲ. ಜನ ನಕ್ಕರು, ಸರಿ. ಜನರಿಗೆ ಅವನು ಯಾರು. ಅವಳು ಅವರಿಗಿಂತ ಒಳ್ಳೆಯವಳೇನೂ ಆಗಿರಲಿಲ್ಲ, ಹತ್ತಿರ ಕೂತಿದ್ದಳು ಅಷ್ಟೆ.

ಮನೆಗೆ ಬಂದು ಜಗಲಿಯ ಲೈಟು ಹಾಕಿದಳು. ಗೋಡೆಯ ಮೂಲೆಯಲ್ಲಿ ಬಗ್ಗಿ ನೋಡಿದಳು. ಸೊಂಟ ಕಟಕ್ಕೆಂದಿತು. ಗೀಟುಗಳು ಮಂಡಿಯ ಕೆಳಗಿನಿಂದ ಇಳಿದು ಇಳಿದು ಬಂದಿದ್ದವು. ಎಲ್ಲಕ್ಕಿಂತ ಕೆಳಗಿನದ್ದು ಗೋಡೆ ಮುಗಿದು ಕೆಂಪು ನೆಲ ಸುರುವಾಗುವಲ್ಲಿ, ಸಂದಿಗೆ ಸರಿಯಾಗಿ ಇತ್ತು. ಒಂದು ನೂಲಿನಷ್ಟೂ ಮೇಲೆ ಇಲ್ಲ. ಅದರ ಹಿಂದಿನ ಭಾನುವಾರದ್ದು ಒಂದು ಇಂಚು ಮೇಲೆ, ಅವಳೇ ಟೇಪು ಹಿಡಿದದ್ದು. ಅದರ ಹಿಂದಿನದ್ದು ಒಂದೂವರೆ. ಯಾವುದನ್ನೂ ಅಳಿಸಿ ಬರೆದಿರಲಿಲ್ಲ. ಜ್ವರ ಬಂದಾಗ 'ಹನ್ನೊಂದು' ಮತ್ತೆ 'ಹದಿಮೂರು' ಆದದ್ದೂ ಅದೇ ಎತ್ತರದಲ್ಲಿ ಎರಡನೆಯ ಗೀಟಾಗಿ ಅಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಆ ಗೀಟನ್ನು ಹಾಕುತ್ತಲೇ ಇರಲಿಲ್ಲ. ಟೀಚರ ರವಿಕೆಗೆ ನಲವತ್ತು ಬರೆದು ಹೊಟ್ಟೆಯ ಮೇಲೆ ಬರೆ ಎಳೆದುಕೊಂಡ ಕೈ ಅದು. ಅದಕ್ಕೆ ಸುಳ್ಳು ಬರೆಯಲು ಬರುತ್ತಿರಲಿಲ್ಲ.

ಮುಟ್ಟಿತ್ತು.

ಮಳೆಗಾಲ ಒಂದು ಕಳೆದಿದೆ. ಅಂಗಡಿಯ ಕೋಣೆ ಬಿಟ್ಟು ಕೊಟ್ಟಾಗಿದೆ, ಅಲ್ಲಿ ಈಗ ಮೊಬೈಲ್ ರಿಪೇರಿ. ಫ್ಲೆಕ್ಸನ್ನು ಅವಳು ಕಟ್ಟಿಗೆಯ ರಾಶಿಗೆ ಮುಚ್ಚಿದ್ದಾಳೆ, ವೆಂಕಪ್ಪನ ಮುಖದ ಮೇಲೆ ಕೋಳಿಗಳು ಕೂರುತ್ತವೆ. ಚಿತ್ರಾ ವಿಟ್ಲದಿಂದ ಬಂದವಳು ನೆಲ ಒರೆಸುವ ಉದ್ದದ ಕೋಲಿನ ಮಾಪು ತಂದು ಕೊಟ್ಟಳು, ಅಮ್ಮ ಬಗ್ಗುವುದು ಬೇಡ ಎಂದು. ಅದು ಬಾಗಿಲ ಹಿಂದೆ ಉಂಟು. ಅದರಲ್ಲಿ ಒರೆಸಿದರೆ ಗೋಡೆಯ ಬುಡಕ್ಕೆ ನೀರು ಹಾರುತ್ತದೆ.

ಬೆಳಿಗ್ಗೆ ಎದ್ದು ಲೋಲಾಕ್ಷಿ ಬಕೆಟಿನಲ್ಲಿ ಬಟ್ಟೆ ಅದ್ದಿ ಹಿಂಡುತ್ತಾಳೆ. ಜಗಲಿಯನ್ನು ಆ ತುದಿಯಿಂದ ಕೈಯಲ್ಲೇ ಒರೆಸುತ್ತಾ ಬರುತ್ತಾಳೆ. ಮೂಲೆಗೆ ಬಂದಾಗ ಬಟ್ಟೆಯನ್ನು ಇನ್ನೊಮ್ಮೆ ಗಟ್ಟಿ ಹಿಂಡಿ, ಗೀಟಿನಿಂದ ನಾಲ್ಕು ಬೆರಳು ಬಿಟ್ಟು, ನಿಂತು ಬಗ್ಗಿ ಒರೆಸುತ್ತಾಳೆ. ಸೊಂಟ ಹಿಡಿಯುತ್ತದೆ. ಅರ್ಧ ನಿಮಿಷ ಹಾಗೆಯೇ ನಿಂತರೆ ಬಿಡುತ್ತದೆ. ಆ ನಾಲ್ಕು ಬೆರಳಿನ ಜಾಗದಲ್ಲಿ ಧೂಳು ಕೂತಿದೆ. ಬಂದವರು ಹೇಳುತ್ತಾರೆ, ಮೂಲೆ ಬಿಟ್ಟು ಹೋಗಿದೆ ಎಂದು. ಅವಳು ಬಟ್ಟೆ ತೊಳೆದು ತಂತಿಗೆ ಹಾಕಿ, ಗೆರಸೆ ತೆಗೆದುಕೊಂಡು ಬೀಡಿಗೆ ಕೂರುತ್ತಾಳೆ.